ತೀರ್ಮಾನ ಮೊದಲೇ ತಿಳಿದಿರುವಾಗ: ವಾದಪ್ರಬಂಧಗಳ ಮೌಲ್ಯಮಾಪನ

ದೈವಶಾಸ್ತ್ರದ ವಿದ್ಯಾರ್ಥಿಗಳು ಬರೆಯುವ ವಾದಪ್ರಬಂಧಗಳಲ್ಲಿ ತೀರ್ಮಾನವು ಬಹುಮಟ್ಟಿಗೆ ಮೊದಲೇ ತಿಳಿದಿರುತ್ತದೆ. ‘ಶಿಶುಗಳಿಗೆ ದೀಕ್ಷಾಸ್ನಾನ ನೀಡುವುದು ಯುಕ್ತವೇ?’ ಎಂಬ ಪ್ರಶ್ನೆಯನ್ನು ಒಂದು ತರಗತಿಗೆ ಕೊಟ್ಟರೆ ಹೆಚ್ಚುಕಡಿಮೆ ಎಲ್ಲ ಪ್ರಬಂಧಗಳೂ ‘ಯುಕ್ತ’ ಎಂದೇ ಮುಗಿಯುತ್ತವೆ. ಧರ್ಮಸಭೆಯ ಬೋಧನೆ ಅದೇ ಆಗಿರುವುದರಿಂದ ಇದು ಸಹಜ. ಹಾಗಾದರೆ ಅಧ್ಯಾಪಕರಾದ ನಾವು ಅಂಕ ಕೊಡುವುದು ಯಾವುದಕ್ಕೆ? ಎಚ್ಚರ ತಪ್ಪಿದರೆ ಅಂಕಗಳು ಉಲ್ಲೇಖಗಳ ಸಂಖ್ಯೆಗೆ, ದುಂಡಾದ ಅಕ್ಷರಕ್ಕೆ, ಭಕ್ತಿಯ ಧಾಟಿಗೆ ಹರಿದುಹೋಗುತ್ತವೆ. ವಾದವನ್ನು ಯಾರೂ ಅಳೆದಿರುವುದಿಲ್ಲ.

ಇದರ ಫಲವನ್ನು ಉಣ್ಣುವವರು ಧರ್ಮಕೇಂದ್ರದ ಜನರು. ಪಿರಿಯಾಪಟ್ಟಣದಲ್ಲೋ ಹೆಗ್ಗಡದೇವನಕೋಟೆಯಲ್ಲೋ ಹೊಸದಾಗಿ ನೇಮಕಗೊಂಡ ಗುರುವಿನ ಬಳಿಗೆ ಒಬ್ಬ ತಾಯಿ ಬಂದು, “ಫಾದರ್, ನನ್ನ ತಂಗಿ ಬೇರೆ ಸಭೆಗೆ ಸೇರಿದಾಳೆ. ಎಳೆಗೂಸಿಗೆ ಸ್ನಾನ ಕೊಡೋದು ಬೈಬಲಿನಲ್ಲಿ ಎಲ್ಲಿದೆ ಅಂತ ಕೇಳ್ತಾಳೆ, ಏನು ಹೇಳಲಿ?” ಎನ್ನುತ್ತಾರೆ. ತೀರ್ಮಾನವು ಆ ತಾಯಿಗೆ ಈಗಾಗಲೇ ಗೊತ್ತು. ಅವರು ಕೇಳುತ್ತಿರುವುದು ಅದನ್ನು ಮುಟ್ಟುವ ದಾರಿಯನ್ನು.

ದಾರಿಯನ್ನು ಅಳೆಯುವ ಒಂದು ಪದ್ಧತಿ ನಮ್ಮ ನೆರೆಯಲ್ಲೇ ಇದೆ. 1959ರ ನಂತರ ಟಿಬೆಟನ್ನು ತೊರೆದು ಬಂದವರಿಗೆ 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ನೆಲೆ ದೊರೆಯಿತು. ಲಾಸಾದ ಬಳಿ 1419ರಲ್ಲಿ ಸ್ಥಾಪನೆಯಾಗಿದ್ದ ಸೆರಾ ಮಹಾವಿಹಾರವು ಅಲ್ಲಿ ಮತ್ತೆ ತಲೆಯೆತ್ತಿತು. ಅಲ್ಲಿನ ವಾದಾಂಗಣದಲ್ಲಿ ನಿಂತ ಭಿಕ್ಷು ಕೈತಟ್ಟಿ ಪ್ರಶ್ನಿಸುವುದನ್ನೂ ಕುಳಿತವನು ಉತ್ತರಿಸುವುದನ್ನೂ ಪ್ರವಾಸಿಗರು ಕೌತುಕದಿಂದ ನೋಡುತ್ತಾರೆ. ಆದರೆ ನಾವು ಗಮನಿಸಬೇಕಾದದ್ದು ಚಪ್ಪಾಳೆಯನ್ನಲ್ಲ, ಕುಳಿತವನ ಉತ್ತರವನ್ನು. ಅವನಿಗೆ ಮುಖ್ಯವಾಗಿ ನಾಲ್ಕೇ ಉತ್ತರಗಳಿಗೆ ಅವಕಾಶವಿದೆ: ‘ಒಪ್ಪಿದೆ’, ‘ಏಕೆ?’, ‘ಹೇತು ಸಿದ್ಧವಲ್ಲ’, ‘ವ್ಯಾಪ್ತಿ ಇಲ್ಲ’. ಧರ್ಮಕೀರ್ತಿಯ ತರ್ಕದ ಮೂಲಕ ಭಾರತದಿಂದಲೇ ಅಲ್ಲಿಗೆ ಹೋದ ಪರಿಭಾಷೆಯಿದು. ಭಾರತೀಯ ದರ್ಶನಗಳ ಪಾಠದಲ್ಲಿ ಬೆಟ್ಟದ ಹೊಗೆ ಮತ್ತು ಬೆಂಕಿಯನ್ನು ಓದಿದವರಿಗೆ ಹೊಸದಲ್ಲ.

ಆರಂಭದ ತರಗತಿಯ ಒಂದು ಪ್ರಸಿದ್ಧ ಉದಾಹರಣೆಯನ್ನು ನೋಡೋಣ. ‘ಬಣ್ಣವಾಗಿರುವುದೆಲ್ಲ ಕೆಂಪು’ ಎಂದು ಕುಳಿತವನು ಹೇಳಿದನೆನ್ನಿ. ‘ಹಾಗಾದರೆ ಬಿಳಿ ಶಂಖದ ಬಣ್ಣ ಕೆಂಪು, ಏಕೆಂದರೆ ಅದು ಬಣ್ಣ’ ಎಂದು ನಿಂತವನು ಮುಂದಿಡುತ್ತಾನೆ. ಅದು ಬಣ್ಣವೇ ಆದ್ದರಿಂದ ‘ಹೇತು ಸಿದ್ಧವಲ್ಲ’ ಎನ್ನಲಾಗದು. ವ್ಯಾಪ್ತಿಯನ್ನು ತಾನೇ ಪ್ರತಿಪಾದಿಸಿರುವುದರಿಂದ ‘ವ್ಯಾಪ್ತಿ ಇಲ್ಲ’ ಎನ್ನುವಂತೆಯೂ ಇಲ್ಲ. ಬಿಳಿಯನ್ನು ಕೆಂಪೆಂದು ಒಪ್ಪಬೇಕು, ಇಲ್ಲವೇ ಮೊದಲ ಮಾತನ್ನು ಬಿಡಬೇಕು. ಬಾಲಭಿಕ್ಷುಗಳು ನಕ್ಕು ಕಲಿಯುವ ಈ ಆಟದಲ್ಲಿ ಒಂದು ಗಂಭೀರವಾದ ಶಿಸ್ತಿದೆ. ವಾದ ‘ಸರಿಯಿಲ್ಲ’ ಎಂದು ಮೂಗು ಮುರಿದರೆ ಸಾಲದು, ಅದು ಎಲ್ಲಿ ಮುರಿದಿದೆ ಎಂದು ಬೆರಳಿಟ್ಟು ತೋರಿಸಬೇಕು.

ಇದನ್ನು ನಮ್ಮ ಪ್ರಬಂಧಕ್ಕೆ ಹಚ್ಚೋಣ. ಶಿಶುದೀಕ್ಷಾಸ್ನಾನದ ಬಗ್ಗೆ ಬರೆಯುವವನು ಸಾಮಾನ್ಯವಾಗಿ ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯಕ್ಕೆ ಹೋಗುತ್ತಾನೆ. ಲಿದಿಯಳೂ ಆಕೆಯ ಮನೆಯವರೂ, ಸೆರೆಮನೆಯ ಅಧಿಕಾರಿಯೂ ಅವನ ಮನೆಯವರೂ ದೀಕ್ಷಾಸ್ನಾನ ಪಡೆದರು. ಆದ್ದರಿಂದ ಶಿಶುಗಳೂ ಪಡೆದರು ಎನ್ನುತ್ತಾನೆ. ಇಲ್ಲಿ ಹೇತು ಸಿದ್ಧವಾಗಿದೆ, ವಚನ ಇದೆ. ಇಲ್ಲದಿರುವುದು ವ್ಯಾಪ್ತಿ. ಮನೆಯೆಂದ ಮಾತ್ರಕ್ಕೆ ಅಲ್ಲಿ ಹಸುಗೂಸು ಇರಲೇಬೇಕೆಂದಿಲ್ಲ. ಮೇಲಾಗಿ 34ನೇ ವಚನವು ಆ ಮನೆಯ ಸಂತೋಷವನ್ನು ವಿಶ್ವಾಸದೊಂದಿಗೆ ಸೇರಿಸಿ ಹೇಳುತ್ತದೆ. ಎದುರಾಳಿ ಅದನ್ನೇ ಎತ್ತಿಕೊಳ್ಳುತ್ತಾನೆ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಕೂಡ (1252) ಈ ಮನೆವಾರ್ತೆಗಳ ವಿಷಯದಲ್ಲಿ ‘ಶಿಶುಗಳೂ ಪಡೆದಿರುವುದು ಸಂಭವ’ ಎಂಬಷ್ಟಕ್ಕೇ ನಿಲ್ಲುತ್ತದೆ. ಧರ್ಮಸಭೆ ಸಂಭವವೆಂದದ್ದನ್ನು ವಿದ್ಯಾರ್ಥಿ ಸಿದ್ಧವೆಂದು ಬರೆದಿದ್ದಾನೆ. ಉತ್ಸಾಹ ಮೆಚ್ಚತಕ್ಕದ್ದೇ, ಅಂಕ ಕೊಡತಕ್ಕದ್ದಲ್ಲ.

ಉತ್ತಮ ಪ್ರಬಂಧ ಇದನ್ನು ತಾನೇ ಮುಂದಾಗಿ ಒಪ್ಪಿಕೊಳ್ಳುತ್ತದೆ. ಈ ವಚನಗಳು ಒಂಟಿಯಾಗಿ ಸಾಲವೆಂದು ಹೇಳಿ ಪರಂಪರೆಯತ್ತ ತಿರುಗುತ್ತದೆ. ಅಲ್ಲಿ ಅದಕ್ಕೆ ಮೂರನೆಯ ಶತಮಾನದ ಒರಿಜೆನ್ ಸಿಗುತ್ತಾನೆ. ಈ ಪದ್ಧತಿ ಪ್ರೇಷಿತರಿಂದಲೇ ಬಂದದ್ದೆಂದು ಅವನು ಹೇಳುತ್ತಾನೆ. ಅವನಿಗಿಂತ ಹೆಚ್ಚು ಉಪಯುಕ್ತ ಸಾಕ್ಷಿ ಟೆರ್ಟುಲಿಯನ್. ಕ್ರಿ.ಶ. 200ರ ಸುಮಾರಿಗೆ ದೀಕ್ಷಾಸ್ನಾನವನ್ನು ಕುರಿತು ಬರೆದ ಕೃತಿಯಲ್ಲಿ ಅವನು ಮಕ್ಕಳ ದೀಕ್ಷಾಸ್ನಾನವನ್ನು ಮುಂದೂಡಬೇಕೆಂದು ವಾದಿಸುತ್ತಾನೆ. ಇಲ್ಲದ ಪದ್ಧತಿಯನ್ನು ಯಾರೂ ವಿರೋಧಿಸುವುದಿಲ್ಲವಾದ್ದರಿಂದ, ಅದು ಆಗಲೇ ರೂಢಿಯಲ್ಲಿತ್ತೆಂದು ಆ ವಿರೋಧವೇ ತೋರಿಸುತ್ತದೆ. ರೂಢಿಯಲ್ಲಿದ್ದದ್ದು ಯುಕ್ತವೂ ಹೌದೇ ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ. ಕೃಪೆ ನಮ್ಮ ಯೋಗ್ಯತೆಗೆ ಮುನ್ನವೇ ಬರುವ ಉಚಿತ ದಾನವೆಂಬ ದೈವಶಾಸ್ತ್ರದ ವಾದಕ್ಕೆ ನಿಜವಾದ ಕೆಲಸ ಇರುವುದು ಅಲ್ಲಿ.

ಇದೆಲ್ಲವನ್ನೂ ಪರರಿಂದ ಎರವಲು ತರಬೇಕಾಗಿಲ್ಲ. ಸಂತ ತೋಮಸ್ ಅಕ್ವೀನಾಸರ ದೈವಶಾಸ್ತ್ರ ಸಂಗ್ರಹದ ಪ್ರತಿಯೊಂದು ಲೇಖವೂ ಎದುರಾಳಿಯ ಮಾತಿನಿಂದಲೇ ಆರಂಭವಾಗುತ್ತದೆ. ದೇವರು ಇದ್ದಾನೆಯೇ ಎಂಬಲ್ಲಿ ಅವರು ಮೊದಲು ಇಡುವ ಆಕ್ಷೇಪಗಳು ಎರಡು: ಕೇಡು ಇರುವುದು, ಮತ್ತು ದೇವರಿಲ್ಲದೆಯೂ ಲೋಕವನ್ನು ವಿವರಿಸಬಹುದೆಂಬುದು. ಇಂದಿನ ನಾಸ್ತಿಕನಿಗೂ ಇವಕ್ಕಿಂತ ಬಲವಾದವು ಸುಲಭವಾಗಿ ಸಿಗಲಾರವು. ನಮ್ಮ ವಿದ್ಯಾರ್ಥಿಗಳ ‘ಕೆಲವರು ಹೀಗೆನ್ನುತ್ತಾರೆ, ಆದರೆ ಅದು ತಪ್ಪು’ ಎಂಬ ಒಂದು ಸಾಲನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಂಗಣದಲ್ಲಿ ಎದುರಾಳಿ ಮೈತುಂಬಿ ನಿಂತಿರುತ್ತಾನೆ. ಪ್ರಬಂಧದಲ್ಲಿ ಅವನನ್ನು ವಿದ್ಯಾರ್ಥಿಯೇ ಸೃಷ್ಟಿಸಬೇಕು, ಹಾಗಾಗಿ ಹುಲ್ಲಿನ ಬೊಂಬೆಯನ್ನು ಮಾಡಿ ನಿಲ್ಲಿಸುವ ಆಸೆ ಸದಾ ಇರುತ್ತದೆ.

ಈ ಎರಡು ಪರಂಪರೆಗಳೂ ಒಮ್ಮೆ ಒಬ್ಬ ಗುರುವಿನಲ್ಲಿ ಕೂಡಿದ್ದವು. ಇಟಲಿಯ ಯೇಸುಸಭೆಯ ಇಪ್ಪೊಲಿತೊ ದೆಸಿದೇರಿ 1716ರಲ್ಲಿ ಲಾಸಾ ತಲುಪಿದರು. ಟಿಬೆಟನ್ ಭಾಷೆಯಲ್ಲಿ ತಮ್ಮ ಮೊದಲ ಕೃತಿಯನ್ನು ಬರೆದು 1717ರ ಜನವರಿಯಲ್ಲಿ ದೊರೆ ಲ್ಹಾಜಾಂಗ್ ಖಾನನಿಗೆ ಅರ್ಪಿಸಿದರು. ವಾದಕ್ಕಿಳಿಯುವ ಮುನ್ನ ಭಿಕ್ಷುಗಳ ಗ್ರಂಥಗಳನ್ನೂ ವಾದಕ್ರಮವನ್ನೂ ಕಲಿಯಬೇಕೆಂಬುದು ದೊರೆಯ ಸೂಚನೆ. ದೆಸಿದೇರಿ ಮೊದಲು ರಾಮೊಚೆಯಲ್ಲಿ, ಅದೇ ವರ್ಷ ಸೆರಾದಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಮುಂದೆ ಪುನರ್ಜನ್ಮವನ್ನು ಖಂಡಿಸಿ ಬರೆದ ಗ್ರಂಥದಲ್ಲಿ ಅವರು ಎದುರಾಳಿಗಳ ವಾದಶೈಲಿಯಲ್ಲೇ, ಅವರ ಶಾಸ್ತ್ರಗಳನ್ನೇ ಉದ್ಧರಿಸಿ ವಾದಿಸಿದರು. ಒಂದು ವಾದಪ್ರಬಂಧಕ್ಕೆ ಆ ದೊರೆ ಕೊಟ್ಟದ್ದಕ್ಕಿಂತ ಪ್ರಯೋಜನಕರವಾದ ಟಿಪ್ಪಣಿಯನ್ನು ನಾವು ಬೇರೆಲ್ಲೂ ಕಂಡಿಲ್ಲ.

ಇನ್ನು ಕೆಂಪು ಶಾಯಿಯ ವಿಷಯ. ಅಂಚಿನಲ್ಲಿ ‘ಚೆನ್ನಾಗಿದೆ’, ‘ಸಾಲದು’ ಎಂದು ಬರೆಯುವ ಬದಲು ‘ಹೇತು?’ ಅಥವಾ ‘ವ್ಯಾಪ್ತಿ?’ ಎಂದು ಬರೆಯಬಹುದು. ಮೊದಲನೆಯದಕ್ಕೆ ಆಧಾರ ಹುಡುಕಬೇಕು, ಎರಡನೆಯದಕ್ಕೆ ಯೋಚಿಸಬೇಕು ಎಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ. 20 ಅಂಕಗಳಲ್ಲಿ 8ನ್ನಾದರೂ ಅತ್ಯಂತ ಬಲವಾದ ಆಕ್ಷೇಪವನ್ನು ಮಂಡಿಸಿ ಎದುರಿಸಿದ ಬಗೆಗೆ ಮೀಸಲಿಡಬೇಕೆಂಬುದು ನಮ್ಮ ಅಭಿಪ್ರಾಯ. ಭಾಷೆಯ ಅಂಕ ಬೇರೆಯಿರಲಿ. ಹಕಾರ ಅಕಾರಗಳಲ್ಲಿ ಎಡವುವ ಹುಣಸೂರು ಕಡೆಯ ಹುಡುಗನ ತರ್ಕ ಗಟ್ಟಿಯಾಗಿರಬಹುದು. ಅಂಗಣದ ವಾದ ಚುರುಕು ನಾಲಗೆಗೂ ನೆನಪಿಗೂ ಒಲಿಯುತ್ತದೆ. ನಿಧಾನವಾಗಿ ಯೋಚಿಸುವವನಿಗೆ ಪ್ರಬಂಧವೇ ಅಂಗಣ.

ಟೆರ್ಟುಲಿಯನ್ನನ ಪಕ್ಷವನ್ನೇ ಹಿಡಿದು ಒಬ್ಬನು ಒಳ್ಳೆಯ ಪ್ರಬಂಧ ಬರೆದರೆ? ವಾದಕ್ಕೆ ಸಲ್ಲಬೇಕಾದ ಅಂಕ ಸಲ್ಲಲಿ. ಬೋಧನೆಯೊಡನೆ ಅವನಿಗಿರುವ ಸಂಬಂಧವನ್ನು ಅಂಕಪಟ್ಟಿಯಲ್ಲಿ ತೀರ್ಮಾನಿಸದೆ ಎದುರು ಕೂರಿಸಿಕೊಂಡು ಮಾತನಾಡಬೇಕು. ತೀರ್ಮಾನ ಸರಿಯಿರುವವರನ್ನೂ ಹತ್ತು ನಿಮಿಷ ಕೂರಿಸಿಕೊಳ್ಳುವುದು ಒಳ್ಳೆಯದು, ಅದರಲ್ಲೂ ಯಂತ್ರವೇ ಪ್ರಬಂಧ ಬರೆದುಕೊಡುವ ಈ ದಿನಗಳಲ್ಲಿ. ಐದು ನಿಮಿಷ ತನ್ನ ಪ್ರಬಂಧದ ವಿರುದ್ಧ ಮಾತನಾಡಲಿ, ಉಳಿದ ಐದು ನಿಮಿಷ ಅದಕ್ಕೆ ಉತ್ತರಿಸಲಿ; ಅಂಕವನ್ನು ಆಮೇಲೆ ಬರೆದರಾಯಿತು.