ರೋಜಾ: ದೇಹದ ಹಸಿವು, ಮನಸ್ಸಿನ ಸ್ವಾಸ್ಥ್ಯ

ಹಿಜರಿ ಪಂಚಾಂಗದ ಒಂಬತ್ತನೆಯ ತಿಂಗಳು ರಮಜಾನ್. ಚಂದ್ರದರ್ಶನವಾದ ಇರುಳಿನಿಂದಲೇ ಸೊಲ್ಲಾಪುರದ ವಿಜಾಪುರ ವೇಸಿನ ಓಣಿಗಳು ಬೆಳಕಿನಿಂದ ತುಂಬುತ್ತವೆ. ಅಕ್ಕಲಕೋಟೆ, ಜತ್ತ ಮೊದಲಾದ ಊರುಗಳ ಮಸೀದಿಗಳ ಸುತ್ತಮುತ್ತ ಖರ್ಜೂರ, ಕಲ್ಲಂಗಡಿ, ಬಿಸಿ ಭಜಿಗಳ ಅಂಗಡಿಗಳು ಸಾಲುಗಟ್ಟುತ್ತವೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಈ ಸಂಜೆಯ ಸಡಗರ. ಆದರೆ ಆ ಸಡಗರಕ್ಕೆ ಮೊದಲು ಹದಿಮೂರು ಹದಿನಾಲ್ಕು ಗಂಟೆಗಳ ಒಂದು ಮೌನವಾದ ಸಾಧನೆ ಇರುತ್ತದೆ. ಅನ್ನವಿಲ್ಲದೆ, ಒಂದು ಗುಟುಕು ನೀರೂ ಇಲ್ಲದೆ ಕಳೆಯುವ ಆ ಗಂಟೆಗಳು ಮನುಷ್ಯನ ಮನಸ್ಸಿಗೆ ಏನು ಮಾಡುತ್ತವೆ? ಅವು ಮನಸ್ಸನ್ನು ಗಟ್ಟಿಗೊಳಿಸುತ್ತವೆಯೋ ಬಳಲಿಸುತ್ತವೆಯೋ? ಈ ಪ್ರಶ್ನೆಯನ್ನು ಭಕ್ತಿಯಿಂದಲೂ ವಿವೇಕದಿಂದಲೂ ಕೇಳಿಕೊಳ್ಳುವುದು ಅವಶ್ಯವಾಗಿದೆ.

ಉಪವಾಸವು ನಮ್ಮ ನೆಲಕ್ಕೆ ಹೊಸದಲ್ಲ. ಏಕಾದಶಿ, ಶಿವರಾತ್ರಿ, ಶ್ರಾವಣ ಸೋಮವಾರ, ಜೈನರ ಪರ್ಯುಷಣ ಇವೆಲ್ಲ ನಮ್ಮ ಓಣಿಗಳಲ್ಲಿ ಅಕ್ಕಪಕ್ಕದಲ್ಲಿಯೇ ನಡೆಯುತ್ತ ಬಂದಿವೆ. ‘ಉಪವಾಸ’ ಎಂಬ ಪದಕ್ಕೆ ಸಮೀಪದಲ್ಲಿ ವಾಸಿಸುವುದು ಎಂಬ ಅರ್ಥವಿದೆ. ಅರಬ್ಬಿಯ ‘ಸೌಮ್’ ಎಂಬ ಪದದ ಮೂಲಾರ್ಥ ತಡೆದುಕೊಳ್ಳುವುದು, ಸುಮ್ಮನಿರುವುದು. ನಾವು ಬಳಸುವ ‘ರೋಜಾ’ ಪಾರಸಿಯಿಂದ ಬಂದುದು; ‘ರೋಜ್’ ಎಂದರೆ ದಿನ. ಒಂದು ಪದ ದೇವರ ಸಾಮೀಪ್ಯವನ್ನು, ಇನ್ನೊಂದು ಸಂಯಮವನ್ನು, ಮತ್ತೊಂದು ದಿನಚರಿಯನ್ನು ಸೂಚಿಸುತ್ತದೆ. ಈ ಮೂರೂ ಕೂಡಿದಾಗಲೇ ರಮಜಾನಿನ ವ್ರತ ಪೂರ್ಣವಾಗುತ್ತದೆ.

ಸಾಕ್ಷಿಯಿಲ್ಲದ ವ್ರತ

ರಮಜಾನಿನ ಉಪವಾಸವು ಹಿಜರಿ ಎರಡನೆಯ ವರ್ಷದಲ್ಲಿ, ಅಂದರೆ ಕ್ರಿ. ಶ. 624ರಲ್ಲಿ, ಮದೀನೆಯಲ್ಲಿ ಕಡ್ಡಾಯವಾಯಿತು. ಕುರ್‌ಆನಿನ ಎರಡನೆಯ ಅಧ್ಯಾಯವು ಈ ವಿಧಿಯನ್ನು ಹೇಳುವಾಗ ಅದರ ಉದ್ದೇಶವನ್ನೂ ಹೇಳುತ್ತದೆ. ಆ ಉದ್ದೇಶ ‘ತಕ್ವಾ’. ದೇವಭಯವೆಂದು ಇದನ್ನು ಅನುವಾದಿಸುವುದುಂಟು. ಸದಾ ಎಚ್ಚರವಾಗಿರುವ ಅಂತಃಸಾಕ್ಷಿ ಎಂದರೆ ಹೆಚ್ಚು ಸಮೀಪವಾದೀತು.

ನ್ಯಾಯಾಲಯದಲ್ಲಿ ಇಪ್ಪತ್ತು ವರ್ಷ ಓಡಾಡಿದ ನನಗೆ ಈ ವ್ರತದ ಒಂದು ಲಕ್ಷಣ ಯಾವಾಗಲೂ ಬೆರಗು ಹುಟ್ಟಿಸುತ್ತದೆ. ನಮ್ಮ ವೃತ್ತಿಯಲ್ಲಿ ಸಾಕ್ಷಿಯಿಲ್ಲದ ಮಾತಿಗೆ ಬೆಲೆಯಿಲ್ಲ. ರೋಜೆಗಾದರೋ ಸಾಕ್ಷಿಯೇ ಇಲ್ಲ. ನಮಾಜನ್ನು ಸಾಲಿನಲ್ಲಿ ನಿಂತವರು ನೋಡುತ್ತಾರೆ, ಹಜ್ ಯಾತ್ರೆಯನ್ನು ಊರೇ ಬಲ್ಲದು, ಜಕಾತನ್ನು ಪಡೆದವನು ಬಲ್ಲನು. ಉಪವಾಸ ಮಾತ್ರ ಹಾಗಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ವಜೂ ಮಾಡುವಾತನು ಬಾಯಿಗೆ ನೀರು ತೆಗೆದುಕೊಂಡು ಮುಕ್ಕಳಿಸುತ್ತಾನೆ. ಒಣಗಿದ ಗಂಟಲಿನಿಂದ ಎರಡು ಅಂಗುಲ ದೂರದಲ್ಲಿ ತಣ್ಣೀರಿದೆ. ಒಂದು ಗುಟುಕು ನುಂಗಿದರೆ ಜಗತ್ತಿನಲ್ಲಿ ಯಾರಿಗೂ ತಿಳಿಯದು. ಆತನು ಉಗುಳುತ್ತಾನೆ. ದಿನಕ್ಕೆ ಹಲವು ಸಾರಿ, ತಿಂಗಳಿಗೆ ನೂರಾರು ಸಾರಿ ಹೀಗೆ ತನ್ನನ್ನು ತಾನೇ ತಡೆದುಕೊಂಡ ಮನುಷ್ಯನಿಗೆ ತನ್ನ ಮೇಲೆ ಒಂದು ನಂಬಿಕೆ ಹುಟ್ಟುತ್ತದೆ. ಆಸೆ ಎದ್ದ ಕೂಡಲೇ ಅದರ ಹಿಂದೆ ಓಡಬೇಕಾಗಿಲ್ಲ, ಆಸೆಗೂ ಕ್ರಿಯೆಗೂ ನಡುವೆ ಒಂದು ಜಾಗವಿದೆ ಎಂಬುದು ಆತನಿಗೆ ಅನುಭವದಿಂದ ತಿಳಿಯುತ್ತದೆ. ಮಾನಸಿಕ ಆರೋಗ್ಯದ ದೃಷ್ಟಿಯಿಂದ ಈ ಅರಿವೇ ರೋಜೆಯ ಮೊದಲ ಫಲ.

ವ್ರತಕ್ಕೆ ‘ನಿಯ್ಯತ್’ ಅಂದರೆ ಸಂಕಲ್ಪ ಅಗತ್ಯ. ಸಂಕಲ್ಪದ ಸ್ಥಾನ ನಾಲಿಗೆಯಲ್ಲ, ಹೃದಯ. ದಖ್ಖನಿನಲ್ಲಿ ಹೆಚ್ಚಾಗಿರುವ ಹನಫಿ ಪಂಥವೂ, ಕಾಸರಗೋಡಿನ ಕಡಲತೀರದಲ್ಲಿ ಹೆಚ್ಚಾಗಿರುವ ಶಾಫಿ ಪಂಥವೂ ಒಂದು ವಿಷಯದಲ್ಲಿ ಒಮ್ಮತ ಹೊಂದಿವೆ: ಮರೆತು ಉಂಡರೆ ರೋಜಾ ಮುರಿಯುವುದಿಲ್ಲ. ನೆನಪಾದ ಕೂಡಲೇ ನಿಲ್ಲಿಸಿ ವ್ರತವನ್ನು ಮುಂದುವರಿಸಬಹುದು. ಅಪರಾಧಕ್ಕೆ ಕೃತ್ಯದಷ್ಟೇ ಉದ್ದೇಶವೂ ಬೇಕೆಂದು ಕಾನೂನಿನ ವಿದ್ಯಾರ್ಥಿಗಳು ಓದುತ್ತಾರೆ. ಅದೇ ತತ್ತ್ವ ಇಲ್ಲಿಯೂ ಇದೆ. ಸಣ್ಣ ತಪ್ಪಿಗೂ ತನ್ನನ್ನು ಹಳಿದುಕೊಂಡು ಕೊರಗುವ ಮನಸ್ಸುಗಳಿಗೆ ಈ ನಿಯಮದಲ್ಲಿ ದೊಡ್ಡ ಸಾಂತ್ವನವಿದೆ.

ಕೋಪವೆಂಬ ನಿಜವಾದ ಪರೀಕ್ಷೆ

ಹಸಿವು ಮನಸ್ಸನ್ನು ತಾನಾಗಿಯೇ ಶಾಂತಗೊಳಿಸುತ್ತದೆ ಎಂದು ಹೇಳುವುದು ಸತ್ಯವಲ್ಲ. ಮಧ್ಯಾಹ್ನ ನಾಲ್ಕು ಗಂಟೆಯ ಮೇಲೆ ರಮಜಾನ್ ಮಾಸದ ಯಾವುದೇ ಪೇಟೆಯಲ್ಲಿ ನಿಂತು ನೋಡಿದರೆ ಸಾಕು. ಮಾತು ಚುರುಕಾಗುತ್ತದೆ, ಗಾಡಿಯ ಹಾರ್ನು ಜೋರಾಗುತ್ತದೆ, ಮನೆಯಲ್ಲಿ ಮಕ್ಕಳು ಬೈಸಿಕೊಳ್ಳುತ್ತಾರೆ. ಇದಕ್ಕೆ ಕಾರಣಗಳಿವೆ. ಚಹಾ ಕಾಫಿಯ ಅಭ್ಯಾಸವುಳ್ಳವರಿಗೆ ಮೊದಲ ದಿನಗಳಲ್ಲಿ ತಲೆನೋವು ಸಾಮಾನ್ಯ. ಸಹರಿಗಾಗಿ ನಸುಕಿಗೆ ಮುಂಚೆ ಎದ್ದು, ತರಾವೀಹ್ ಮುಗಿಸಿ ತಡವಾಗಿ ಮಲಗುವುದರಿಂದ ನಿದ್ದೆ ಒಡೆಯುತ್ತದೆ. ಬೀಡಿ, ಸಿಗರೇಟು, ತಂಬಾಕಿನ ಚಟವುಳ್ಳವರ ಸಂಕಟ ಇನ್ನೂ ಹೆಚ್ಚು. ಮೊರೊಕ್ಕೊ ದೇಶದ ಕಾಸಾಬ್ಲಾಂಕಾದ ಮನೋವೈದ್ಯರು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಮಜಾನಿನಲ್ಲಿ ಧೂಮಪಾನಿಗಳ ಸಿಡುಕು ಇತರರಿಗಿಂತ ಹೆಚ್ಚಾಗಿದ್ದುದು ಕಂಡುಬಂದಿತು.

ಧರ್ಮವು ಈ ಸ್ವಭಾವವನ್ನು ಅರಿಯದೆ ಇರಲಿಲ್ಲ. ಉಪವಾಸಿಯೊಂದಿಗೆ ಯಾರಾದರೂ ಜಗಳಕ್ಕೆ ಬಂದರೆ, ಬೈದರೆ, ಆತನು ಬೈಗುಳಕ್ಕೆ ಬೈಗುಳ ಸೇರಿಸದೆ ತಾನು ವ್ರತದಲ್ಲಿರುವೆನೆಂದಷ್ಟೇ ಹೇಳಬೇಕೆಂದು ಪ್ರವಾದಿ ಮುಹಮ್ಮದರು ಕಲಿಸಿದರು. ಸುಳ್ಳು ಮಾತನ್ನೂ ಸುಳ್ಳು ನಡೆಯನ್ನೂ ಬಿಡದವನ ಹಸಿವಿನಿಂದ ದೇವರಿಗೆ ಆಗಬೇಕಾದುದು ಏನೂ ಇಲ್ಲವೆಂಬ ಎಚ್ಚರಿಕೆಯೂ ಹದೀಸಿನಲ್ಲಿದೆ. ವ್ರತದಲ್ಲಿರುವೆನೆಂಬ ಮಾತು ಎದುರಾಳಿಗೆ ಹೇಳುವುದಕ್ಕಿಂತ ಹೆಚ್ಚಾಗಿ ತನಗೆ ತಾನೇ ಹೇಳಿಕೊಳ್ಳುವುದು. ಕೋಪ ಉಕ್ಕಿದ ಕ್ಷಣದಲ್ಲಿ ಒಂದು ನಿಶ್ಚಿತ ವಾಕ್ಯವನ್ನು ನೆನೆದು, ಉತ್ತರವನ್ನು ಕೆಲವು ಕ್ಷಣ ಮುಂದೂಡುವುದು ಕೋಪನಿಗ್ರಹದ ಸರಳ ಉಪಾಯ. ಕೌಟುಂಬಿಕ ವ್ಯಾಜ್ಯಗಳ ಕಡತಗಳನ್ನು ತಿರುವಿದವರಿಗೆ ಇದರ ಬೆಲೆ ಗೊತ್ತು. ಎಷ್ಟೋ ಮನೆಗಳು ಮುರಿದುದು ದೊಡ್ಡ ಕಾರಣಕ್ಕಲ್ಲ, ಕೆಲವು ಕ್ಷಣ ತಡೆಯಬಹುದಾಗಿದ್ದ ಒಂದು ಮಾತಿಗೆ.

ಗಜಾಲಿ ಹೇಳಿದ ಮೂರು ಮೆಟ್ಟಿಲು

ರೋಜೆಯ ಒಳಮುಖವನ್ನು ವಿವರಿಸಿದವರಲ್ಲಿ ಇಮಾಮ್ ಅಬೂ ಹಾಮಿದ್ ಗಜಾಲಿಯವರಿಗೆ ಹಿರಿಯ ಸ್ಥಾನವಿದೆ. 1058ರಲ್ಲಿ ಇರಾನಿನ ತೂಸ್ ಪ್ರಾಂತದಲ್ಲಿ ಹುಟ್ಟಿದ ಇವರು ಶಾಫಿ ನ್ಯಾಯಶಾಸ್ತ್ರದ ದೊಡ್ಡ ಪಂಡಿತರು. 1091ರಲ್ಲಿ ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಆಚಾರ್ಯಪೀಠ ಅವರಿಗೆ ದೊರೆಯಿತು. ಕೀರ್ತಿ ಶಿಖರದಲ್ಲಿದ್ದಾಗಲೇ, 1095ರಲ್ಲಿ, ಅವರನ್ನು ತೀವ್ರವಾದ ಮಾನಸಿಕ ಸಂಕಟ ಆವರಿಸಿತು. ಪಾಠ ಹೇಳಲು ನಾಲಿಗೆ ಏಳದಾಯಿತು, ಅನ್ನ ಸೇರದಾಯಿತು. ಬೇನೆ ಮನಸ್ಸಿನದೆಂದು ಹೇಳಿ ವೈದ್ಯರು ಕೈಚೆಲ್ಲಿದರು. ಈ ಸಂಗತಿಗಳನ್ನು ಗಜಾಲಿಯವರೇ ತಮ್ಮ ಆತ್ಮಕಥನದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರು ಪದವಿಯನ್ನು ತೊರೆದು ದಮಾಸ್ಕಸ್, ಜೆರುಸಲೇಮುಗಳಲ್ಲಿ ಏಕಾಂತದಲ್ಲಿ ಕಳೆದ ವರ್ಷಗಳ ಫಲವೇ ‘ಇಹ್ಯಾ ಉಲೂಮಿದ್ದೀನ್’ ಎಂಬ ಮಹಾಗ್ರಂಥ. ಒಂಬೈನೂರು ವರ್ಷಗಳ ಹಿಂದೆಯೇ ಒಬ್ಬ ಶ್ರೇಷ್ಠ ವಿದ್ವಾಂಸನು ತನ್ನ ಮನೋವ್ಯಥೆಯನ್ನು ನಾಚಿಕೆಯಿಲ್ಲದೆ ಹೇಳಿಕೊಂಡನೆಂಬುದನ್ನು ಇಂದಿನ ನಾವು ನೆನೆಯಬೇಕು.

ಆ ಗ್ರಂಥದಲ್ಲಿ ಉಪವಾಸಕ್ಕೆ ಮೂರು ಮೆಟ್ಟಿಲುಗಳನ್ನು ಹೇಳಿದೆ. ಮೊದಲನೆಯದು ಸಾಮಾನ್ಯರದು: ಹೊಟ್ಟೆಯನ್ನೂ ಕಾಮವನ್ನೂ ತಡೆಯುವುದು. ಎರಡನೆಯದು ವಿಶೇಷರದು: ಕಣ್ಣು, ಕಿವಿ, ನಾಲಿಗೆ, ಕೈಕಾಲುಗಳನ್ನೂ ಕೆಡುಕಿನಿಂದ ತಡೆಯುವುದು. ಮೂರನೆಯದು ಅತಿವಿಶೇಷರದು: ಹೃದಯವನ್ನು ಕ್ಷುಲ್ಲಕ ಚಿಂತೆಗಳಿಂದ ತಡೆದು ದೇವರಲ್ಲಿ ನಿಲ್ಲಿಸುವುದು. ಎರಡನೆಯ ಮೆಟ್ಟಿಲನ್ನು ಇಂದಿನ ಬದುಕಿಗೆ ಅನ್ವಯಿಸಿ ನೋಡಿದರೆ, ಕಣ್ಣಿನ ಉಪವಾಸವೆಂದರೆ ಮೊಬೈಲಿನ ಪರದೆಯಿಂದ ದೂರವಿರುವುದು, ಕಿವಿಯ ಉಪವಾಸವೆಂದರೆ ಚಾಡಿಗೆ ಕಿವಿಗೊಡದಿರುವುದು, ಬೆರಳಿನ ಉಪವಾಸವೆಂದರೆ ದ್ವೇಷದ ಸಂದೇಶವನ್ನು ಮುಂದಕ್ಕೆ ಕಳುಹಿಸದಿರುವುದು.

ಸಂಜೆಯ ಊಟದ ವಿಷಯದಲ್ಲಿಯೂ ಗಜಾಲಿಯವರು ನಿಷ್ಠುರರು. ಹಗಲಿನ ಊಟವನ್ನೂ ಸೇರಿಸಿ ರಾತ್ರಿಯಲ್ಲಿ ಉಂಡರೆ, ಇಡೀ ವರ್ಷ ಉಣ್ಣದ ಭಕ್ಷ್ಯಗಳನ್ನೆಲ್ಲ ಈ ತಿಂಗಳಿಗಾಗಿ ಕೂಡಿಟ್ಟರೆ, ಆಸೆಯನ್ನು ತಗ್ಗಿಸುವ ಬದಲು ಬೆಳೆಸಿದಂತಾಗುತ್ತದೆ ಎಂಬುದು ಅವರ ಅಭಿಪ್ರಾಯ. ಹಗಲೆಲ್ಲ ನಿದ್ರಿಸಿ ಹಸಿವನ್ನು ಮರೆಯುವುದೂ ಸಲ್ಲದು. ಹಸಿವಿನ ಅನುಭವವೇ ಪಾಠವೆಂದು ಅವರು ತಿಳಿಸುತ್ತಾರೆ. ನಮ್ಮ ಇಫ್ತಾರ್ ಕೂಟಗಳಲ್ಲಿ ತಟ್ಟೆಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿರುವಾಗ ಈ ಮಾತು ಇನ್ನಷ್ಟು ಸಕಾಲಿಕವಾಗಿದೆ.

ರೋಗಿಗೆ ಧರ್ಮ ಕೊಟ್ಟ ವಿನಾಯಿತಿ

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಮನಸ್ಸಿನ ಕಾಯಿಲೆಗೆ ಔಷಧ ಸೇವಿಸುತ್ತಿರುವವರು ರಮಜಾನಿನಲ್ಲಿ ಏನು ಮಾಡಬೇಕು?

ನನ್ನ ಕಕ್ಷಿದಾರರೊಬ್ಬರು ಮಗ್ಗದ ಕೆಲಸದವರು. ಅವರ ಮಗ ಅನೇಕ ವರ್ಷಗಳಿಂದ ಮನೋವೈದ್ಯರ ಚಿಕಿತ್ಸೆಯಲ್ಲಿದ್ದಾನೆ. ಒಂದು ರಮಜಾನಿನಲ್ಲಿ ಆತನು ಹಗಲಿನ ಗುಳಿಗೆಗಳನ್ನು ನಿಲ್ಲಿಸಿಬಿಟ್ಟ. ವೈದ್ಯರನ್ನು ಕೇಳಲಿಲ್ಲ, ತಂದೆಗೂ ತಿಳಿಸಲಿಲ್ಲ. ರೋಜಾ ಇಲ್ಲವೇ ಎಂದು ಓಣಿಯವರು ಕೇಳಿದರೆ ಕಾಯಿಲೆಯ ಹೆಸರು ಹೇಳಬೇಕಾಗುತ್ತದಲ್ಲ ಎಂಬುದೇ ಆತನ ಭಯ. ಮೂರನೆಯ ವಾರಕ್ಕೆ ನಿದ್ದೆ ಹೋಯಿತು, ಮಾತು ಹದ ತಪ್ಪಿತು. ಈದ್ ಹಬ್ಬದ ದಿನ ಆತನು ಆಸ್ಪತ್ರೆಯಲ್ಲಿದ್ದ. “ವಕೀಲ ಸಾಹೇಬ್ರೆ, ಸಕ್ಕರೆ ಕಾಯಿಲೆ ಅಂತ ಹೇಳಾಕ ನಮಗ ನಾಚಿಕಿ ಇಲ್ಲ, ಇದಕ್ಕ ಯಾಕ ನಾಚಿಕಿ?” ಎಂದು ಆ ತಂದೆ ಕೇಳಿದ ಪ್ರಶ್ನೆಗೆ ನಮ್ಮ ಸಮಾಜವೇ ಉತ್ತರ ಕೊಡಬೇಕಾಗಿದೆ.

ಧರ್ಮಶಾಸ್ತ್ರದಲ್ಲಿ ಈ ವಿಷಯ ಅಸ್ಪಷ್ಟವಾಗಿಲ್ಲ. ಉಪವಾಸವನ್ನು ವಿಧಿಸಿದ ಅದೇ ಕುರ್‌ಆನ್ ವಚನಗಳು ರೋಗಿಗೂ ಪ್ರಯಾಣಿಕನಿಗೂ ವಿನಾಯಿತಿ ಕೊಟ್ಟಿವೆ. ದೇವರು ನಿಮಗೆ ಸೌಕರ್ಯವನ್ನು ಬಯಸುವನೇ ಹೊರತು ಕಷ್ಟವನ್ನಲ್ಲ ಎಂಬ ಭಾವವೂ ಅಲ್ಲಿಯೇ ಇದೆ. ಗುಣವಾದ ಮೇಲೆ ತಪ್ಪಿದ ದಿನಗಳನ್ನು ‘ಕಜಾ’ ಎಂದು ತುಂಬಿಕೊಡಬಹುದು. ಗುಣವಾಗುವ ನಿರೀಕ್ಷೆಯಿಲ್ಲದ ದೀರ್ಘರೋಗಿಗಳೂ ಅತಿ ವೃದ್ಧರೂ ದಿನಕ್ಕೊಬ್ಬ ಬಡವನಿಗೆ ಊಟವಿತ್ತು ‘ಫಿದ್ಯಾ’ ಸಲ್ಲಿಸಬಹುದು. ತಮಗೋ ಮಗುವಿಗೋ ಅಪಾಯವೆಂದು ಕಂಡಾಗ ಗರ್ಭಿಣಿಯರೂ ಬಾಣಂತಿಯರೂ ಬಿಡಬಹುದು. ಮಕ್ಕಳಿಗೂ ಬುದ್ಧಿ ಸ್ವಾಧೀನದಲ್ಲಿಲ್ಲದವರಿಗೂ ಈ ಹೊಣೆಯೇ ಇಲ್ಲ. ರೋಗವೆಂದರೆ ದೇಹದ್ದು ಮಾತ್ರ ಎಂದು ಕುರ್‌ಆನಿನ ಆ ವಚನದಲ್ಲಿ ಎಲ್ಲಿಯೂ ಹೇಳಿಲ್ಲ.

ವೈದ್ಯಕೀಯ ಎಚ್ಚರಿಕೆಯೂ ಸ್ಪಷ್ಟವಾಗಿದೆ. ಉದ್ವೇಗ ಮತ್ತು ಖಿನ್ನತೆ ಸರದಿಯಂತೆ ಬರುವ ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಔಷಧದ ಪ್ರಮಾಣವು ದೇಹದಲ್ಲಿ ನೀರು ಕಡಿಮೆಯಾದಾಗ ರಕ್ತದಲ್ಲಿ ಏರಿ ವಿಷವಾಗಬಹುದು. ನಿದ್ದೆಗೆಡುವುದೊಂದೇ ಇಂಥ ರೋಗಿಗಳಲ್ಲಿ ಕಾಯಿಲೆ ಮರುಕಳಿಸಲು ಸಾಕು. ಊಟವನ್ನೇ ತ್ಯಜಿಸುವ ಮನೋವ್ಯಾಧಿಯುಳ್ಳವರಿಗೆ ಉಪವಾಸವು ರೋಗಕ್ಕೆ ಮರೆಯಾಗಬಹುದು. ಇದರ ಅರ್ಥ ಯಾರೂ ರೋಜಾ ಇಡಬಾರದೆಂದಲ್ಲ. ದಿನಕ್ಕೊಮ್ಮೆ ಸೇವಿಸುವ ಅನೇಕ ಗುಳಿಗೆಗಳನ್ನು ಸಹರಿ ಇಲ್ಲವೆ ಇಫ್ತಾರಿನ ಸಮಯಕ್ಕೆ ಹೊಂದಿಸಬಹುದು. ಆದರೆ ಆ ನಿರ್ಣಯ ವೈದ್ಯರದಾಗಬೇಕು, ಅದೂ ರಮಜಾನಿಗೆ ಕೆಲವು ವಾರ ಮೊದಲೇ ಆಗಬೇಕು.

ಓಣಿಯವರ ಪ್ರಶ್ನೆಗೆ ಹೆದರುವವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮದ 23ನೆಯ ಕಲಮಿನಂತೆ ಮನೋರೋಗಿಯ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿರಿಸುವುದು ಆತನ ಹಕ್ಕು. ಸಲಹೆ ಬೇಕಾದವರು 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕೇಂದ್ರ ಸರಕಾರದ ‘ಟೆಲಿ ಮಾನಸ್’ ಸೇವೆ ಹಗಲಿರುಳು ಉಚಿತವಾಗಿ ದೊರೆಯುತ್ತದೆ; ಕನ್ನಡದಲ್ಲಿಯೂ ಮಾತನಾಡಬಹುದು. ಕಾನೂನಿಗಿಂತ ಹೆಚ್ಚಿನ ನೆರವು ನೆರೆಯವರಿಂದ ಆಗಬೇಕು. ನಿನಗೆ ರೋಜಾ ಉಂಟೇ ಎಂದು ಯಾರನ್ನೂ ವಿಚಾರಿಸದಿರುವ ಸೌಜನ್ಯವನ್ನು ನಾವು ರೂಢಿಸಿಕೊಂಡರೆ ಎಷ್ಟೋ ಜನರ ಸಂಕಟ ತಪ್ಪುತ್ತದೆ.

ಕೂಡಿ ಉಣ್ಣುವುದು, ಒಂಟಿಯಾಗಿ ಕೂಡುವುದು

ಒಂಟಿತನ ಮನಸ್ಸನ್ನು ಕೊರೆಯುವ ಹುಳು. ರಮಜಾನ್ ಅದಕ್ಕೆ ಎರಡು ರೀತಿಯಿಂದ ಮದ್ದು ಮಾಡುತ್ತದೆ. ಸೂರ್ಯಾಸ್ತದ ಅಜಾನ್ ಕೇಳಿದಾಗ ಮಸೀದಿಯ ದಸ್ತರಖಾನಿನಲ್ಲಿ ಹಮಾಲನೂ ವ್ಯಾಪಾರಿಯೂ ಒಂದೇ ತಟ್ಟೆಯ ಖರ್ಜೂರಕ್ಕೆ ಕೈ ಚಾಚುತ್ತಾರೆ. ಊರಿಗೆ ಹೊಸದಾಗಿ ಬಂದ ಕೂಲಿಗೂ ಅಲ್ಲಿ ಜಾಗವಿದೆ. ಈದ್ ನಮಾಜಿಗೆ ಮುಂಚೆ ಬಡವರಿಗೆ ಸಲ್ಲಬೇಕಾದ ‘ಫಿತ್ರಾ’ ದಾನವು, ಮೂವತ್ತು ದಿನ ಹಸಿವನ್ನು ಬಲ್ಲವನು ನಿತ್ಯ ಹಸಿದವನಿಗೆ ಸಲ್ಲಿಸುವ ಋಣ. ಪರರಿಗೆ ಉಪಯೋಗವಾದೆನೆಂಬ ಭಾವವು ಕುಗ್ಗಿದ ಮನಸ್ಸನ್ನು ಮೇಲೆತ್ತುತ್ತದೆ.

ಇನ್ನೊಂದು ಕಡೆ, ಕೊನೆಯ ಹತ್ತು ದಿನಗಳ ‘ಏತಿಕಾಫ್’ ಇದೆ. ಕೆಲವರು ಮನೆ, ಅಂಗಡಿ, ಕಚೇರಿಗಳನ್ನು ಬಿಟ್ಟು ಮಸೀದಿಯ ಒಂದು ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಪಾರಾಯಣ, ಪ್ರಾರ್ಥನೆ, ಆತ್ಮಾವಲೋಕನಗಳಲ್ಲಿ ಕಳೆಯುತ್ತಾರೆ. ಲೈಲತುಲ್ ಕದ್ರ್ ಎಂಬ ಪುಣ್ಯರಾತ್ರಿಯನ್ನು ಅರಸುವುದು ಇದೇ ದಿನಗಳಲ್ಲಿ. ಬೇರೆಯವರಿಂದ ದೂರವಾಗಲು ಕುಳಿತ ಏಕಾಂತ ಬೇರೆ, ತನ್ನ ಸಮೀಪಕ್ಕೆ ಬರಲು ಕುಳಿತ ಏಕಾಂತ ಬೇರೆ. ಏತಿಕಾಫ್ ಎರಡನೆಯ ಬಗೆಯದು.

ಮಿತಿಯನ್ನು ಮೀರಿದ ತಪಸ್ಸನ್ನು ಇಸ್ಲಾಂ ಮೆಚ್ಚುವುದಿಲ್ಲ. ನಿತ್ಯವೂ ಉಪವಾಸವಿದ್ದು ರಾತ್ರಿಯೆಲ್ಲ ಪ್ರಾರ್ಥಿಸುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್ ಎಂಬ ಯುವಕನನ್ನು ಪ್ರವಾದಿಯವರು ಕರೆದು, ದೇಹಕ್ಕೂ ಕಣ್ಣಿಗೂ ಮಡದಿಗೂ ಆತನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದ ಪ್ರಸಂಗ ಹದೀಸ್ ಸಂಗ್ರಹಗಳಲ್ಲಿದೆ. ಇಫ್ತಾರ್ ಇಲ್ಲದೆ ದಿನಗಳನ್ನು ಕೂಡಿಸಿ ಉಪವಾಸ ಮಾಡುವುದನ್ನೂ ಅವರು ನಿಷೇಧಿಸಿದರು. ಎರಡು ಈದ್‌ಗಳ ದಿನ ಉಪವಾಸವೇ ಸಲ್ಲದು. ದೇಹವನ್ನು ದಂಡಿಸುವುದು ಗುರಿಯಲ್ಲ, ಅದನ್ನು ಹತೋಟಿಗೆ ತರುವುದು ಗುರಿ.

ಚಾಂದ್ರಮಾನದ ಕಾರಣ ರಮಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತುತ್ತದೆ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಮಾಗಿಯ ರೋಜೆಯನ್ನೂ ಬೇಸಿಗೆಯ ರೋಜೆಯನ್ನೂ ಕಾಣುತ್ತಾನೆ. ತಿಂಗಳು ಮುಗಿದ ಮೇಲೆಯೂ ಶವ್ವಾಲ್ ಮಾಸದ ಆರು ದಿನ, ಪ್ರತಿ ಸೋಮವಾರ ಮತ್ತು ಗುರುವಾರಗಳ ಐಚ್ಛಿಕ ಉಪವಾಸಗಳಿವೆ. ಅವುಗಳನ್ನು ಆಚರಿಸಲಾಗದವರೂ ಈ ತಿಂಗಳಲ್ಲಿ ಕಲಿತ ಒಂದೆರಡು ಅಭ್ಯಾಸಗಳನ್ನು ಉಳಿಸಿಕೊಳ್ಳಬಹುದು: ಸಿಟ್ಟು ಬಂದಾಗ ಉತ್ತರಿಸುವ ಮೊದಲು ತಡೆಯುವುದು, ವಾರಕ್ಕೊಮ್ಮೆಯಾದರೂ ಪರರೊಡನೆ ಹಂಚಿ ಉಣ್ಣುವುದು, ದಿನದಲ್ಲಿ ಒಂದು ಗಳಿಗೆ ಪರದೆಯಿಂದ ಕಣ್ಣು ತೆಗೆದು ಸುಮ್ಮನೆ ಕೂಡುವುದು. ಮನೆಯಲ್ಲಿ ಗುಳಿಗೆ ಸೇವಿಸುವವರಿದ್ದರೆ, ಬರುವ ರಮಜಾನಿನ ಚಂದ್ರ ಕಾಣುವ ಮುನ್ನ ಅವರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದೂ ಆ ತಿಂಗಳ ಸಿದ್ಧತೆಯ ಒಂದು ಭಾಗವೇ ಆಗಿದೆ.