ಎರಡು ದಂಡೆಯ ಗುಮಟೆಗೆ ಒಂದೇ ಅರ್ಜಿ

ಬೈತಖೋಲದಲ್ಲಿ ಬೋಟು ಧಕ್ಕೆಗೆ ತಾಗುವ ಮೊದಲೇ ಹಗ್ಗ ಹಾರಿ ಬರುತ್ತದೆ. ಧಕ್ಕೆಯ ಮೇಲಿದ್ದವನು ಅದನ್ನು ಹಿಡಿದು ಗೂಟಕ್ಕೆ ಬಿಗಿಯುವಷ್ಟರಲ್ಲಿ ಬಂಗಡೆಯ ಬುಟ್ಟಿಗಳು ಕೈಯಿಂದ ಕೈಗೆ ದಾಟಿ ಮೇಲೆ ಬಂದಿರುತ್ತವೆ. ಒಂದೆಡೆ ಮಂಜುಗಡ್ಡೆ ಪುಡಿಯಾಗುವ ಸದ್ದು, ಇನ್ನೊಂದೆಡೆ ಹರಾಜಿನ ಕೂಗು. ಮೀನು ಕೊಳ್ಳಲು ಬಂದ ಹೆಂಗಸರು ಬುಟ್ಟಿಗೆ ಕೈ ಹಾಕಿ, ಕಿವಿರು ಬಿಡಿಸಿ, ಕೆಂಪು ನೋಡಿ, ತಲೆಯಾಡಿಸಿ ದರ ಇಳಿಸುತ್ತಾರೆ. ವ್ಯಾಪಾರ ಕೊಂಕಣಿಯಲ್ಲಿ ಸುರುವಾಗಿ, ಲೆಕ್ಕಕ್ಕೆ ಬಂದಾಗ ಕನ್ನಡಕ್ಕೆ ಹೊರಳುತ್ತದೆ. ಹೊರರಾಜ್ಯದ ಖಲಾಸಿಗಳ ಜೊತೆ ಹಿಂದಿ. ನೈರುತ್ಯದ ಗಾಳಿಯನ್ನು ಗುಡ್ಡವೇ ತಡೆಯುವುದರಿಂದ ಕಾರವಾರದ ಈ ಮೂಲೆ ಮಳೆಗಾಲದಲ್ಲೂ ಬೋಟುಗಳಿಗೆ ಆಸರೆ.

ಇಲ್ಲಿಂದ ಹೊರಟ ಮೀನಿನ ಗಾಡಿ ಕಾಳಿ ಸೇತುವೆ ದಾಟಿ, ಸದಾಶಿವಗಡ, ಮಾಜಾಳಿಯ ಮೇಲೆ ಹೋದರೆ ಸುಮಾರು 15 ಕಿ.ಮೀ.ಗೆ ಗೋವಾದ ಪೋಳೆಂ. ಮಡಗಾಂವ್‌ನ ಮಾರುಕಟ್ಟೆ ಇಲ್ಲಿನವರಿಗೆ ಹುಬ್ಬಳ್ಳಿಗಿಂತ ಹತ್ತಿರ. 2018ರಲ್ಲಿ ಮೀನು ಕೆಡದಂತೆ ಫಾರ್ಮಲಿನ್ ಬೆರೆಸುತ್ತಾರೆಂಬ ಗದ್ದಲ ಎದ್ದು ಗೋವಾ ಹೊರಗಿನ ಮೀನಿಗೆ ತಡೆ ಒಡ್ಡಿದಾಗ ಅದರ ಬಿಸಿ ಈ ಧಕ್ಕೆಗೂ ತಟ್ಟಿತ್ತು. ಗಡಿ ಮುಚ್ಚಿದರೆ ಏನಾಗುತ್ತದೆಂಬುದನ್ನು ಬೈತಖೋಲಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಡಲಿನ ಮೇಲಂತೂ ಗಡಿ ನೆಟ್ಟಗಿಲ್ಲ. ಬಂದರಿನಿಂದ ಗುಡ್ಡ ಸುತ್ತಿ ದಕ್ಷಿಣಕ್ಕೆ ಹೋದರೆ ಅಂಜುದೀವ್. ಎದುರಿನ ಬಿಣಗಾ, ಅರಗಾ ಊರುಗಳು ಕರ್ನಾಟಕದವು, ದ್ವೀಪ ಮಾತ್ರ ಗೋವಾದ್ದು. ಅಲ್ಲಿನ ಇಗರ್ಜಿಯಲ್ಲಿ ಫೆಬ್ರುವರಿ 2ರಂದು ಹಬ್ಬ ನಡೆಯುತ್ತಿತ್ತು. ಕದಂಬ ನೌಕಾನೆಲೆ ಬಂದ ಮೇಲೆ ಜನ ಹೋಗಿಬರುವುದು ನಿಂತಿತು. ಇನ್ನೊಂದು ದಿಕ್ಕಿನ ಕೂರ್ಮಗಡ ದ್ವೀಪದಲ್ಲಿ ಪುಷ್ಯ ಹುಣ್ಣಿಮೆಗೆ ನರಸಿಂಹನ ಜಾತ್ರೆ ಇಂದಿಗೂ ಕಳೆಗಟ್ಟುತ್ತದೆ. ಬೋಟುಗಳು ಸಿಂಗರಿಸಿಕೊಂಡು ಹೊರಡುತ್ತವೆ, ಹರಕೆಯ ಬಾಳೆಗೊನೆಗಳು ಅವುಗಳಲ್ಲಿ ಏರುತ್ತವೆ, ಗೋವಾದ ಭಕ್ತರೂ ಕೂಡಿಕೊಳ್ಳುತ್ತಾರೆ. ಮೀನುಗಾರರಾದ ಗಾಬಿತರ ನೆಂಟಸ್ತಿಕೆ ಮಾಲವಣ, ಗೋವಾ, ಕಾರವಾರ ಮೂರಕ್ಕೂ ಹರಡಿದೆ.

ಈ ಕೊಡುಕೊಳ್ಳುವಿಕೆಯನ್ನು ಕೈಯಲ್ಲಿ ಹಿಡಿದು ನೋಡಬೇಕೆಂದರೆ ಗುಮಟೆ ಹಿಡಿಯಬೇಕು. ಸುಟ್ಟ ಮಣ್ಣಿನ ಗಡಿಗೆ, ಎರಡೂ ತುದಿಗೆ ಬಾಯಿ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಚಿಕ್ಕದು ತೆರೆದಿರುತ್ತದೆ. ಬಲಗೈ ಚರ್ಮದ ಮೇಲೆ ಬಡಿಯುತ್ತಿದ್ದರೆ ಎಡಗೈ ಅಂಗೈ ಚಿಕ್ಕ ಬಾಯಿಯನ್ನು ಮುಚ್ಚಿ ತೆರೆದು ನಾದವನ್ನು ಏರಿಸಿ ಇಳಿಸುತ್ತದೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರಲ್ಲಿ ಇದು ಗುಮಟೆ ಪಾಂಗ್ ಎಂಬ ಹಾಡುಗಾರಿಕೆಯ ಜೀವ. ಗಡಿಯಾಚೆ ಇದೇ ಘುಮಟವು ಚೌತಿಯ ಆರತಿಗೂ ಬೇಕು, ಶಿಗ್ಮೋಗೂ ಬೇಕು, ಕ್ರೈಸ್ತರ ಮಾಂಡೊ ಹಾಡಿಗೂ ಬೇಕು. ಫಾಲ್ಗುಣದಲ್ಲಿ ಹಾಲಕ್ಕಿಗಳು ತುರಾಯಿ ಕಟ್ಟಿ ಸುಗ್ಗಿ ಕುಣಿಯುವ ಹೊತ್ತಿಗೇ ಗೋವಾದಲ್ಲಿ ಶಿಗ್ಮೋ ಮೆರವಣಿಗೆ. ಕಷ್ಟವೂ ಎರಡೂ ಕಡೆ ಒಂದೇ. ಹಿಂದೆ ಬಿಗಿಯುತ್ತಿದ್ದುದು ಉಡದ ಚರ್ಮ. 1972ರ ವನ್ಯಜೀವಿ ಕಾಯ್ದೆ ಉಡಕ್ಕೆ ರಕ್ಷಣೆ ಕೊಟ್ಟಿದೆ, ಕೊಡಲೇಬೇಕಿತ್ತು. ಈಗ ಆಡಿನ ಚರ್ಮದಲ್ಲಿ ಹಳೆಯ ನಾದ ಹೊರಡಿಸಬೇಕು. 2019ರಲ್ಲಿ ಗೋವಾ ಸರ್ಕಾರ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ಅಲ್ಲಿನ ಕುಶಲಿಗರು ಕಂಡುಕೊಂಡ ಹದ ಅಂಕೋಲೆಗೂ, ಇಲ್ಲಿನವರು ಕಂಡುಕೊಂಡದ್ದು ಗೋವಾದ ಕಾಣಕೋಣಕ್ಕೂ ತಲುಪಬೇಡವೇ?

ತಲುಪಲು ದಾರಿ ಬೇಕು, ದಾರಿಗೆ ದುಡ್ಡು ಬೇಕು. ಆ ದುಡ್ಡು ಮಾತ್ರ ಗಡಿಯ ಈಚೆಗೊಂದು, ಆಚೆಗೊಂದು ಕಾಲುವೆಯಲ್ಲಿ ಹರಿಯುತ್ತಿದೆ. ನಮ್ಮಲ್ಲಿ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವಿದೆ, ಅದಕ್ಕೆ 2010ರ ಕಾಯ್ದೆಯ ಬಲವಿದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಇದೆ, 1994ರಲ್ಲಿ ಹುಟ್ಟಿದ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ ಇದೆ. ಗೋವಾದಲ್ಲಿ ಕಲಾ ಮತ್ತು ಸಂಸ್ಕೃತಿ ನಿರ್ದೇಶನಾಲಯವಿದೆ, ಕಲಾ ಅಕಾಡೆಮಿ ಇದೆ. ರಾಜ್ಯಗಳನ್ನು ಬೆಸೆಯಲೆಂದೇ ಕೇಂದ್ರ ಸರ್ಕಾರ 1980ರ ದಶಕದಲ್ಲಿ ವಲಯ ಸಾಂಸ್ಕೃತಿಕ ಕೇಂದ್ರಗಳನ್ನು ಕಟ್ಟಿತು. ಕರ್ನಾಟಕವು ತಂಜಾವೂರಿನ ದಕ್ಷಿಣ ವಲಯಕ್ಕೂ ನಾಗಪುರದ ದಕ್ಷಿಣ ಮಧ್ಯ ವಲಯಕ್ಕೂ ಸೇರಿದೆ. ಗೋವಾ ಸೇರಿರುವುದು ಉದಯಪುರದ ಪಶ್ಚಿಮ ವಲಯಕ್ಕೆ. ಪಕ್ಕಪಕ್ಕದ ಈ ಎರಡು ರಾಜ್ಯಗಳು ಒಂದೇ ಒಂದು ವಲಯದಲ್ಲೂ ಜೊತೆಗಿಲ್ಲ. ರಾಜಸ್ಥಾನದ ಕಲಾವಿದರ ಜೊತೆ ಗೋವಾಕ್ಕೆ ಸುಲಭವಾಗಿ ಒದಗುವ ವೇದಿಕೆ ಕಾರವಾರದವರ ಜೊತೆ ಒದಗುವುದಿಲ್ಲ.

ಯುರೋಪಿನಲ್ಲಿ ಈ ಕೆಲಸ ಬೇರೆ ರೀತಿಯಲ್ಲಿ ನಡೆಯುತ್ತದೆ. ಅಲ್ಲಿನ ಒಕ್ಕೂಟದ ‘ಕ್ರಿಯೇಟಿವ್ ಯುರೋಪ್’ ಯೋಜನೆಗೆ 2021ರಿಂದ 2027ರ ಅವಧಿಗೆ ಸುಮಾರು 244 ಕೋಟಿ ಯೂರೋ ಎತ್ತಿಟ್ಟಿದ್ದಾರೆ. ಅದರ ಸಾಂಸ್ಕೃತಿಕ ಸಹಕಾರ ಯೋಜನೆಗಳಿಗೆ ಒಂದೇ ದೇಶದವರು ಅರ್ಜಿ ಹಾಕುವಂತಿಲ್ಲ. ಚಿಕ್ಕ ಯೋಜನೆಗೂ ಕನಿಷ್ಠ ಮೂರು ದೇಶಗಳ ಮೂರು ಸಂಸ್ಥೆಗಳು ಕೈಜೋಡಿಸಬೇಕು. 2027ರ ನಂತರ ಹಣ ಹೇಗೆ ಹಂಚಬೇಕೆಂದು 2025ರಲ್ಲಿ ಜನರನ್ನೇ ಕೇಳಿದರು. ಕಲಾವಿದ, ಸಂಘ, ಸಾಮಾನ್ಯ ನಾಗರಿಕ, ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದಿತ್ತು. ಆ ಮೊತ್ತ ನಮ್ಮ ಕೈಗೆಟುಕದು, ಆದರೆ ಆ ಎರಡು ನಡೆಗಳನ್ನು ನಾವು ನಾಳೆಯೇ ಇಡಬಹುದು: ಜೋಡಿ ಅರ್ಜಿ, ಮತ್ತು ಹಣ ಹಂಚುವ ಮೊದಲು ಜನರ ಮಾತು.

ಜನರ ಮಾತು ಕೇಳಲು ಬೈತಖೋಲಕ್ಕಿಂತ ಒಳ್ಳೆಯ ಜಾಗವಿಲ್ಲ, ಜೂನ್‌–ಜುಲೈಗಿಂತ ಒಳ್ಳೆಯ ಕಾಲವಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಗೋವಾದಲ್ಲೂ ಅದೇ ದಿನಗಳು. ಮೊಟ್ಟೆಯಿಡುವ ಮೀನಿಗೆ ರಾಜ್ಯದ ಗಡಿಯಿಲ್ಲವೆಂದು ಎರಡೂ ಸರ್ಕಾರಗಳು ಒಪ್ಪಿ ನಡೆಯುತ್ತಿವೆ. ಆ ದಿನಗಳಲ್ಲಿ ಬೋಟುಗಳು ಸಾಲುಗಟ್ಟಿ ಲಂಗರು ಹಾಕಿರುತ್ತವೆ, ಗಂಡಸರು ಬಲೆ ಹರಡಿಕೊಂಡು ಹರುಕು ನೇಯುತ್ತಿರುತ್ತಾರೆ. ಮಾತಿಗೆ ಪುರುಸೊತ್ತು ಸಿಗುತ್ತದೆ. ಮಾರ್ಚ್‌ನ ಬಜೆಟ್‌ಗೆ ಇನ್ನೂ ಎಂಟು ತಿಂಗಳು ಇರುವಾಗ ಅಧಿಕಾರಿಗಳು ಇಲ್ಲಿಗೆ ಬರಲಿ, ಕನ್ನಡದಲ್ಲೂ ಕೊಂಕಣಿಯಲ್ಲೂ ಕೇಳಲಿ, ಹೇಳಿದ್ದನ್ನು ಬರೆದುಕೊಳ್ಳಲಿ. ನೋಂದಣಿ ಪತ್ರ, ಆಡಿಟ್ ವರದಿ ಹೊಂದಿಸಲಾಗದ ಸುಗ್ಗಿ ಮೇಳದ ಹಿರಿಯರಿಗೂ ಆ ಸಭೆಯಲ್ಲಿ ಮಾತಿನ ಸರದಿ ಸಿಗಲಿ.

ತಡಮಾಡುವ ಹೊತ್ತಲ್ಲ ಇದು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದವರು, ಹಾಲಕ್ಕಿ ಹಾಡುಗಳ ಕಣಜವಾಗಿದ್ದವರು. 2025ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅಂಥವರ ಬಾಯಲ್ಲಿ ಉಳಿದದ್ದನ್ನು ದಾಖಲಿಸಲು ಯಾವ ಅಕಾಡೆಮಿಯೂ ಮುಂದಿನ ಸಾಲಿನ ಅನುದಾನಕ್ಕೆ ಕಾಯಬಾರದು.

ಕೇಳಬೇಕಾದದ್ದು ದೊಡ್ಡದೇನಲ್ಲ. ಗಡಿ ಪ್ರಾಧಿಕಾರದ ಸಾಂಸ್ಕೃತಿಕ ಅನುದಾನದಲ್ಲಿ ಒಂದು ಪಾಲು ಕರ್ನಾಟಕ ಮತ್ತು ಗೋವಾದ ತಂಡಗಳು ಕೂಡಿ ಹಾಕುವ ಅರ್ಜಿಗೆ ಮೀಸಲಾಗಲಿ. ಅಷ್ಟೇ ಮೊತ್ತ ಗೋವಾ ಸರ್ಕಾರವೂ ಕೊಡಲಿ. ಎರಡೂ ಕಡೆಯ ಕಲಾವಿದರು ಕೂತ ಸಮಿತಿ ಆರಿಸಲಿ, ಯಾರಿಗೆ ಎಷ್ಟು ಸಂದಿತೆಂದು ವರ್ಷಕ್ಕೊಮ್ಮೆ ಇದೇ ಧಕ್ಕೆಯಲ್ಲಿ ಓದಿ ಹೇಳಲಿ. ಮೊದಲ ಅರ್ಜಿ ಆಡಿನ ಚರ್ಮದ ಗುಮಟೆಯದ್ದಾಗಲಿ: ಅಂಕೋಲೆಯ ಒಂದು ಮೇಳ, ಕಾಣಕೋಣದ ಒಂದು ಮೇಳ, ಎರಡೂ ಕಡೆಯ ಕುಂಬಾರರು. ಮೀನಿನ ವಿಷಯದಲ್ಲಿ ಒಂದಾದ ಎರಡು ಸರ್ಕಾರಗಳಿಗೆ ಇದು ಕಷ್ಟವಾಗಬಾರದು.