ಯಾಂತ್ರಿಕ ಡೈನೋಸಾರ್: ರಚನೆ ಮತ್ತು ಪ್ರಾಮಾಣ್ಯ

ಪುಣೆಯ ಪರ್ವತಿಯಾಗಲಿ ವೇತಾಳ ಟೇಕಡಿಯಾಗಲಿ ಕರಿಗಲ್ಲಿನ ಗುಡ್ಡಗಳು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ, ದಖ್ಖನದ ಮೇಲೆ ಪದರಪದರವಾಗಿ ಹರಿದ ಲಾವಾರಸವೇ ತಣಿದು ಈ ಶಿಲೆಯಾಯಿತು. ಪಕ್ಷಿಗಳ ಶಾಖೆಯೊಂದನ್ನುಳಿದು ಡೈನೋಸಾರ್‌ಗಳೆಲ್ಲ ಅಳಿದದ್ದೂ ಆ ಕಾಲದಲ್ಲಿಯೇ. ಕುದಿಯುವ ರಸದಿಂದಾದ ಕಲ್ಲಿನಲ್ಲಿ ಎಲುಬನ್ನು ಅರಸುವುದು ವ್ಯರ್ಥ. ಆದುದರಿಂದ ನಗರದ ಪ್ರದರ್ಶನಗಳಲ್ಲಿ ತಲೆಯಾಡಿಸಿ ಗರ್ಜಿಸುವ ಡೈನೋಸಾರ್ ಈ ನೆಲದಿಂದ ಎದ್ದುದಲ್ಲ, ಕಾರ್ಖಾನೆಯಿಂದ ಬಂದುದು. ಅದರೆದುರು ನಿಂತು ತಾಯಿಯ ಸೆರಗು ಹಿಡಿಯುವ ಮಗುವಿಗೆ ಈ ಭೇದವಿಲ್ಲ. ಕಂಡುದೆಲ್ಲ ಅದಕ್ಕೆ ನಿಜವೇ. ಆದಕಾರಣ ಆ ಪ್ರಾಣಿಯು ಚಲಿಸುವ ಬಗೆ ಯಾವುದು, ಅದರಲ್ಲಿ ಸತ್ಯಾಂಶವೆಷ್ಟು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ವಿಚಾರಿಸಬೇಕಾಗಿದೆ.

ಜಡವಸ್ತುವಿಗೆ ಪ್ರಾಣಿಯ ಚಲನೆಯನ್ನೀಯುವ ಹವ್ಯಾಸ ಕನ್ನಡನಾಡಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆಂಗ್ಲರ ವಶವಾದ ಟಿಪ್ಪುವಿನ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪಕ್ಕದ ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿಯೂದುತ್ತವೆ; ಹುಲಿ ಗುರುಗುಟ್ಟುತ್ತದೆ; ಅದರಡಿ ಬಿದ್ದ ಸೈನಿಕನು ನರಳುತ್ತ ಕೈಯೆತ್ತಿ ಇಳಿಸುತ್ತಾನೆ. ಒಂದೇ ತಿರುಗಣೆಯಿಂದ ಚಲನೆ, ಧ್ವನಿ ಎರಡನ್ನೂ ಹೊರಡಿಸುವುದು ಅದರ ಮರ್ಮ. ಪುಣೆಯ ಗಣೇಶೋತ್ಸವದಲ್ಲಿ ಮರಾಠಿಗರು ‘ಹಲತೇ ದೇಖಾವೇ’ ಎಂದು ಕರೆಯುವ ಚಲಿಸುವ ದೃಶ್ಯಗಳಲ್ಲಿಯೂ ಇದೇ ತತ್ತ್ವವಿದೆ. ಅಲ್ಲಿ ಮನುಷ್ಯನ ಕೈಯ ಬದಲು ವಿದ್ಯುತ್ ಮೋಟಾರು ತಿರುಗುತ್ತದೆ. ಮೋಟಾರಿನ ಸುತ್ತಾಟವನ್ನು ಸನ್ನೆಕೋಲುಗಳು ಏರಿಳಿತವನ್ನಾಗಿ ಮಾರ್ಪಡಿಸುತ್ತವೆ. ರಾಕ್ಷಸನ ಗದೆ ಮೇಲೇಳುತ್ತದೆ.

ಆನಿಮೇಟ್ರಾನಿಕ್ಸ್ ಎಂಬ ಹೆಸರಿನಿಂದ ಬೆಳೆದಿರುವ ವಿದ್ಯೆ ಈ ತತ್ತ್ವದ ವಿಸ್ತಾರವೇ. ಮೊದಲು ಉಕ್ಕಿನ ಕೊಳವೆಗಳನ್ನು ಬೆಸೆದು ಅಸ್ಥಿಪಂಜರವನ್ನು ನಿಲ್ಲಿಸುತ್ತಾರೆ. ಕುತ್ತಿಗೆ, ದವಡೆ, ರೆಪ್ಪೆ, ಬಾಲ, ಎದೆ, ಹೀಗೆ ಚಲಿಸಬೇಕಾದೆಡೆಗಳಲ್ಲೆಲ್ಲ ಕೀಲುಗಳಿರುತ್ತವೆ. ನಿಧಾನವಾದ ಚಲನೆಗೆ ಹಲ್ಲುಚಕ್ರ ಜೋಡಿಸಿದ ಮೋಟಾರು ಸಾಕು; ಥಟ್ಟನೆ ಆಗಬೇಕಾದುದಕ್ಕೆ ಒತ್ತಿದ ಗಾಳಿಯ ಸಿಲಿಂಡರ್; ಬಹುಭಾರದ ಅಂಗಗಳಿಗೆ ಎಣ್ಣೆಯ ಒತ್ತಡ. ಪಂಜರದ ಮೇಲೆ ಸ್ಪಂಜನ್ನು ಹೊದಿಸಿ, ಶಿಲ್ಪಿಯು ಕಲ್ಲನ್ನು ಕೆತ್ತುವಂತೆ ಸ್ನಾಯುಗಳನ್ನು ಕತ್ತರಿಸಿ ಮೂಡಿಸುತ್ತಾರೆ. ಅದರ ಮೇಲೆ ಬಲೆಯಂಥ ಬಟ್ಟೆ, ಬಟ್ಟೆಯ ಮೇಲೆ ಸಿಲಿಕೋನ್ ರಬ್ಬರಿನ ಲೇಪ, ಕೊನೆಗೆ ಬಣ್ಣ. ಪ್ರೇಕ್ಷಕನು ಹತ್ತಿರ ಬಂದುದನ್ನು ಅದೃಶ್ಯಕಿರಣದ ಸಾಧನವೊಂದು ಅರಿತು ನಿಯಂತ್ರಣಪೆಟ್ಟಿಗೆಗೆ ಸೂಚಿಸುತ್ತದೆ. ಪೆಟ್ಟಿಗೆಯು ಮೊದಲೇ ಬರೆದಿಟ್ಟ ಅನುಕ್ರಮದಲ್ಲಿ ಚಲನೆಯನ್ನೂ ಧ್ವನಿಯನ್ನೂ ನಡೆಸುತ್ತದೆ.

ಜೀವಂತಿಕೆಯ ಭ್ರಮೆ ಬಲದಿಂದ ಬರುವುದಿಲ್ಲ, ಲಯದಿಂದ ಬರುತ್ತದೆ. ಎಲ್ಲ ಅಂಗಗಳೂ ಒಮ್ಮೆಗೇ ಚಲಿಸಿ ಒಮ್ಮೆಗೇ ನಿಂತರೆ ಅದು ಯಂತ್ರವೆಂದು ಹಸುಳೆಗೂ ತಿಳಿಯುತ್ತದೆ. ಕಣ್ಣು ಮೊದಲು ಹೊರಳಿ, ತಲೆ ಅದನ್ನು ಹಿಂಬಾಲಿಸಿ, ಬಾಲ ತಡವಾಗಿ ತೂಗಿ, ಇವೆಲ್ಲದರ ನಡುವೆ ಎದೆ ಉಸಿರಾಡುತ್ತಿರಬೇಕು. ತೂಕದ ಲೆಕ್ಕವೂ ತಪ್ಪಕೂಡದು. 1993ರ ‘ಜುರಾಸಿಕ್ ಪಾರ್ಕ್’ ಚಿತ್ರಕ್ಕಾಗಿ ಸ್ಟ್ಯಾನ್ ವಿನ್ಸ್ಟನ್ನನ ತಂಡ ರಚಿಸಿದ ಬೃಹತ್ ಟಿರಾನೊಸಾರಸ್‌ನ ನೊರೆರಬ್ಬರಿನ ಚರ್ಮ ಕೃತಕ ಮಳೆಯನ್ನು ಹೀರಿ ಭಾರವಾಗಲು, ಎಣಿಕೆ ಮೀರಿದ ಹೊರೆಯಿಂದ ಆ ದೈತ್ಯ ಗಡಗಡನೆ ನಡುಗತೊಡಗಿತು; ಕೆಲಸಗಾರರು ಅದನ್ನು ಬಟ್ಟೆಯಿಂದ ಒರೆಸಬೇಕಾಯಿತು.

ಇಂದು ಇಂಥ ಪ್ರಾಣಿಗಳ ತಯಾರಿಕೆಗೆ ಹೆಸರಾದ ಊರು ಚೀನದ ಸಿಚುವಾನ್ ಪ್ರಾಂತದ ಜಿಗೊಂಗ್. ಅಲ್ಲಿ ಹಬ್ಬದ ದೀಪಗೂಡುಗಳನ್ನು ಕಟ್ಟುವ ಹಳೆಯ ಕಸುಬಿದೆ. ಊರಿನಂಚಿನಲ್ಲಿಯೇ ಡೈನೋಸಾರ್ ಎಲುಬುಗಳ ರಾಶಿ ದೊರೆತು, 1987ರಲ್ಲಿ ಅಲ್ಲಿಯೇ ವಸ್ತುಸಂಗ್ರಹಾಲಯ ತೆರೆಯಿತು. ಹಬ್ಬದ ಕುಶಲತೆಯೂ ನೆಲದ ಸಾಕ್ಷ್ಯವೂ ನೆರೆಹೊರೆಯಾಗಿ ನಿಂತ ಊರು ಅದು.

ಇನ್ನು ಪ್ರಾಮಾಣ್ಯದ ವಿಚಾರ. ಇಂಥ ಪ್ರತಿಯೊಂದು ಪ್ರಾಣಿಯೂ ಸ್ವಲ್ಪ ಅಸಲು, ಬಹಳಷ್ಟು ಕಡದಿಂದ ಆದುದು. ಎಲುಬು ಅಸಲು: ಅದರಿಂದ ಎತ್ತರ, ನಿಲುವು, ಹಲ್ಲು, ಸ್ನಾಯು ಅಂಟಿದ ಗುರುತು ತಿಳಿಯುತ್ತವೆ. ಬಣ್ಣ ಬಹುಮಟ್ಟಿಗೆ ಊಹೆ. ಗರ್ಜನೆಯಂತೂ ಪೂರ್ಣ ಕಡ. ಆ ಚಲಚ್ಚಿತ್ರದ ಧ್ವನಿಯನ್ನು ಆನೆಮರಿ, ಹುಲಿ, ಮೊಸಳೆಜಾತಿಯ ಪ್ರಾಣಿಗಳ ಕೂಗುಗಳನ್ನು ಬೆರೆಸಿ ಹೊಂದಿಸಿದ್ದರು. ಡೈನೋಸಾರ್‌ಗಳ ಹತ್ತಿರದ ಬಂಧುಗಳಾದ ಮೊಸಳೆಗಳೂ ಅನೇಕ ಪಕ್ಷಿಗಳೂ ಬಾಯಿ ಮುಚ್ಚಿಯೇ ಗಂಭೀರವಾಗಿ ಧ್ವನಿಗೈಯುವುದರಿಂದ, ಬಾಯಿ ತೆರೆದು ಅಬ್ಬರಿಸುವ ಭಂಗಿ ಸಂದೇಹಾಸ್ಪದ. ಆದರೂ ಮಗುವಿನ ಮನಸ್ಸಿನಲ್ಲಿ ಬೇರೂರುವುದು ಎಲುಬಲ್ಲ, ಈ ಅಬ್ಬರವೇ.

ನೆಲದ ಸಾಕ್ಷ್ಯ ಭಾರತದಲ್ಲಿಯೂ ಇಲ್ಲದಿಲ್ಲ. ಮಹಾರಾಷ್ಟ್ರದ ಆಗ್ನೇಯದ ಅಂಚಿನ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ 1960–61ರ ಸುಮಾರಿಗೆ ಮುನ್ನೂರಕ್ಕೂ ಮಿಕ್ಕಿದ ಎಲುಬುಗಳನ್ನು ಅಗೆದು ತೆಗೆದರು. ರವೀಂದ್ರನಾಥ ಠಾಕೂರರ ಶತಮಾನೋತ್ಸವದ ನೆನಪಿಗೆ, 1975ರಲ್ಲಿ, ಆ ಸಸ್ಯಾಹಾರಿಗೆ ‘ಬರಾಪಾಸಾರಸ್ ಟಾಗೋರೈ’ ಎಂದು ನಾಮಕರಣವಾಯಿತು. ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದೆ. ಕೆಲವು ಬಿಡಿ ಹಲ್ಲುಗಳು ದೊರೆತರೂ ಅದರ ತಲೆಬುರುಡೆ ಮಾತ್ರ ದೊರೆಯಲಿಲ್ಲ. ಆದುದರಿಂದ ಯಾರೇ ಅದನ್ನು ಯಂತ್ರವಾಗಿ ರಚಿಸಿದರೂ ಅದರ ಮುಖವನ್ನು ಇತರ ಜಾತಿಗಳಿಂದ ಕಡ ತರಲೇಬೇಕು.

ಕಡ ತರುವುದು ದೋಷವಲ್ಲ. ಕಡವನ್ನು ಅಸಲೆಂದು ತೋರಿಸುವುದು ದೋಷ. ಯಂತ್ರದ ಪಕ್ಕದಲ್ಲಿ, ಕಂಡ ಎಲುಬು ಇಷ್ಟು, ಊಹೆ ಇಷ್ಟು ಎಂದು ಒಂದು ಫಲಕವಿದ್ದರೆ ವಿಸ್ಮಯ ಕುಂದದು. ಶೋಧದ ಆಸೆ ಹುಟ್ಟೀತು. ಗದೆಯೆತ್ತುವ ರಾಕ್ಷಸನನ್ನು ಕಟ್ಟಬಲ್ಲ ಪುಣೆಯ ಕೈಗಳಿಗೆ ಗೋದಾವರಿಯ ಈ ಸಾಧುಪ್ರಾಣಿಯನ್ನು ಉಸಿರಾಡಿಸುವುದು ಅಸಾಧ್ಯವೇನಲ್ಲ. ಅದು ಗರ್ಜಿಸಬೇಕಾಗಿಲ್ಲ, ಕುತ್ತಿಗೆಯೆತ್ತಿ ಎಲೆ ಮೇಯ್ದರೆ ಸಾಕು.